ಬಂದೂಕಿನ ಜಳಕ

ಶರಣಬಸಪ್ಪನವರಿಗೆ ಅನ್ನ ಕೊಟ್ಟದ್ದು ತುಕ್ಕು. ಸಿಂಗಪುರದ ಜುರಾಂಗ್ ಐಲ್ಯಾಂಡಿನ ಒಂದು ಕಾರ್ಖಾನೆಯಲ್ಲಿ ಕೊಳವೆಗಳು ಎಲ್ಲಿ ತುಕ್ಕು ಹಿಡಿಯುತ್ತವೆ, ಏಕೆ ಹಿಡಿಯುತ್ತವೆ ಎಂದು ಹುಡುಕುವುದೇ ಅವರ ಕೆಲಸ. ಬೆಳಿಗ್ಗೆ ಕಂಪನಿ ಬಸ್ಸು ಹತ್ತುವಾಗ ಆರಂಭವಾಗುವ ಈ ಹುಡುಕಾಟ ಸಂಜೆ ಬುಕಿತ್ ಪಂಜಾಂಗಿನ ಮನೆಗೆ ಬಂದರೂ ನಿಲ್ಲುತ್ತಿರಲಿಲ್ಲ. ಯಾರ ಮನೆಗೆ ಊಟಕ್ಕೆ ಹೋದರೂ ಮೊದಲು ಬಾಗಿಲ ಗ್ರಿಲ್ಲಿನ ಬುಡವನ್ನು ಬಗ್ಗಿ ನೋಡುವರು, ಆಮೇಲೆ ನಮಸ್ಕಾರ. ಒಂದು ಗೃಹಪ್ರವೇಶದಲ್ಲಿ ಹೊಸ ಗೇಟಿಗೆ ಆಯುಷ್ಯ ಕಡಿಮೆ ಎಂದು ಭವಿಷ್ಯ ನುಡಿದದ್ದಕ್ಕೆ, ಮನೆಯ ಯಜಮಾನಿ ಅವರ ಎಲೆಗೆ ಪಾಯಸ ಬಡಿಸುವುದನ್ನೇ ಮರೆತುಬಿಟ್ಟರು. ಕನ್ನಡದವರು ಅವರನ್ನು ಬೆನ್ನ ಹಿಂದೆ ‘ತುಕ್ಕಪ್ಪ’ ಎನ್ನುತ್ತಿದ್ದರು. ಮಡದಿ ಸುಪ್ರಿಯಾ ಎದುರಿಗೇ ಎನ್ನುತ್ತಿದ್ದಳು.

ಇಂಥವರಿಗೆ ನಡುವಯಸ್ಸಿನಲ್ಲಿ ಗುರಿ ಹೊಡೆಯುವ ಹುಚ್ಚು ಹಿಡಿಯಿತು. ಒಂದು ಶೂಟಿಂಗ್ ಕ್ಲಬ್ಬಿಗೆ ಸೇರಿದರು. ಸಿಂಗಪುರದಲ್ಲಿ ಬಂದೂಕು ಕ್ಲಬ್ಬಿನ ಬೀಗದ ಕೋಣೆಯಿಂದ ಮನೆಗೆ ಬರುವ ಮಾತೇ ಇಲ್ಲ. ಒಂದು ಖಾಲಿ ತೋಟಾ ಜೇಬಿನಲ್ಲಿ ಉಳಿದರೂ ಪೊಲೀಸರಿಗೆ ಉತ್ತರ ಹೇಳಬೇಕು. ಆ ಕ್ಲಬ್ಬಿನಲ್ಲಿ ಮೈಸೂರಿನ ದ್ವಾರಕನಾಥ ಎಂಬ ಹಿರಿಯರಿದ್ದರು. ಅವರ ಹಳೆಯ ಸೈನ್ಯದ ರೈಫಲ್ಲಿನ ಮೇಲೆ ಶರಣಬಸಪ್ಪನವರ ಕಣ್ಣು ಬಿತ್ತು. ತಮಗಿಂತ ಹಿರಿಯ ವಯಸ್ಸಿನ ಉಕ್ಕು. ನಳಿಗೆಯೊಳಗೆ ಇಣುಕಿದರೆ ಕನ್ನಡಿ!

ದ್ವಾರಕನಾಥರ ದೃಷ್ಟಿ ಮಂಜಾಗುತ್ತ ಬಂದಿತ್ತು. ರೈಫಲ್ಲನ್ನು ಯಾರಾದರೂ ಒಳ್ಳೆಯವರ ಹೆಸರಿಗೆ ಮಾಡಬೇಕೆಂದಿದ್ದರು.

“ಶನಿವಾರ ಬನ್ನಿ ಶರಣಬಸಪ್ಪ, ಹೊಡೀರಿ,” ಎಂದರು. “ಆದ್ರೆ ನೀವು ಹೇಗೆ ಶೂಟ್ ಮಾಡ್ತೀರ ಅಂತ ನಾನು ನೋಡಲ್ಲ. ಆದ್ಮೇಲೆ ಏನ್ ಮಾಡ್ತೀರ ಅಂತ ನೋಡ್ತೀನಿ.”

ಈ ಮಾತಿಗೆ ಕಾರಣವಿತ್ತು. ಕ್ಲಬ್ಬು ಪರವಾನಗಿ ಪಡೆದು ಆ ರೈಫಲ್ಲಿಗೆ ಹೊಂದುವ ಹಳೆಯ ಸೈನ್ಯದ ತೋಟಾಗಳ ಕೆಲವು ಪೆಟ್ಟಿಗೆಗಳನ್ನು ತರಿಸಿತ್ತು. ಆ ಕಾಲದ ಎಷ್ಟೋ ತೋಟಾಗಳಲ್ಲಿ, ತಳದಲ್ಲಿ ಕಿಡಿ ಹುಟ್ಟಿಸುವ ಪ್ರೈಮರ್ ಸಿಡಿದಾಗ ನಳಿಗೆಯೊಳಗೆ ಒಂದು ಬಗೆಯ ಉಪ್ಪು ಕೂರುತ್ತದೆ. ಉಪ್ಪು ಗಾಳಿಯ ತೇವವನ್ನು ಹೀರುತ್ತದೆ, ತೇವ ಉಕ್ಕನ್ನು ತಿನ್ನುತ್ತದೆ. ಸಿಂಗಪುರದ ಗಾಳಿಯಲ್ಲಿ ತೇವಕ್ಕೇನು ಬರ!

ಇದು ಶರಣಬಸಪ್ಪನವರಿಗೆ ಹಬ್ಬದ ಊಟ. ತೋಟಾದ ತಳದಲ್ಲಿ ಒತ್ತಿದ್ದ ದೇಶ, ಇಸವಿಗಳ ಗುರುತು ಓದಿದರು, ಅನುಮಾನ ಬಲವಾಯಿತು. ಹಸಿರು ಕಿಲುಬು ಹಿಡಿದವನ್ನೂ ಬಿರುಕು ಬಿಟ್ಟವನ್ನೂ ಹೊಡೆಯಲೇ ಬಾರದೆಂದು ಬೇರೆ ಮಾಡಿಸಿದರು. ಊಹೆ ಸಾಲದೆಂದು ಕ್ಲಬ್ಬಿನ ಬಂದೂಕುಗಾರನ ಕೈಯಿಂದ ಒಂದು ತೋಟಾದ ಗುಂಡು, ಮದ್ದು ತೆಗೆಸಿ, ಬರೀ ಪ್ರೈಮರಿನ ಹೊಗೆಯನ್ನು ಉಜ್ಜಿ ಹೊಳಪಿಸಿದ ಮೊಳೆಯೊಂದಕ್ಕೆ ತಾಗಿಸಿದರು. ಪಕ್ಕದಲ್ಲಿ ಹೊಗೆ ಸೋಕದ ಇನ್ನೊಂದು ಮೊಳೆ ಇಟ್ಟರು. ಮರುದಿನ ಹೊಗೆ ಸೋಕದ್ದು ಮದುಮಗನಂತೆ ಹೊಳೆಯುತ್ತಿತ್ತು, ಹೊಗೆ ತಾಗಿದ್ದಕ್ಕೆ ಕೆಂಪು ಗಡ್ಡ ಬಂದಿತ್ತು. ಆ ಗಡ್ಡದ ಮೊಳೆಯ ಫೋಟೋವನ್ನು ಅವರು ಮೊಮ್ಮಗನ ಫೋಟೋದಂತೆ ಕಂಡಕಂಡವರಿಗೆ ತೋರಿಸಿದರು.

ಹೀಗೆ ಎಲ್ಲ ತಿಳಿದಿದ್ದ ಮನುಷ್ಯ ಒಂದೇ ಒಂದನ್ನು ನೋಡಿಕೊಂಡಿರಲಿಲ್ಲ: ಆ ಶನಿವಾರ ಮಹಾನವಮಿ. ಬಾಗಲಕೋಟೆಯಿಂದ ತಾಯಿ ಶಂಕ್ರೆವ್ವ ಬಂದಿದ್ದರು. ಅವರ ಮನೆತನದಲ್ಲಿ ಅಂದು ಖಂಡೇಪೂಜೆ. ಪೂಜೆಯಾದ ಆಯುಧವನ್ನು ಮರುದಿನ ಬನ್ನಿ ಹಂಚುವವರೆಗೆ ಯಾರೂ ಮುಟ್ಟುವಂತಿಲ್ಲ.

“ಬಂದೂಕ ತಂದ್ರ ಪೂಜಾ ಮಾಡ್ತಿದ್ದೆ,” ಎಂದು ಅಂದು ಬೆಳಿಗ್ಗೆ ಶಂಕ್ರೆವ್ವ ಹೇಳಿದಾಗ, ಮಾತಿಗೆ ಸಿಂಗಪುರದ ‘ಲಾ’ ಬಾಲ ಹಚ್ಚುವ ಮೊಮ್ಮಗಳು ಇಶಾ ಬೆಚ್ಚಿಬಿದ್ದಳು.

“ಅಜ್ಜಿ, ಮನೆಗೆ ತರೋಕಾಗಲ್ಲ ಲಾ! ಪೊಲೀಸ್ ಬರ್ತಾರೆ ಲಾ!”

“ಬರ್ಲಿ. ಅವ್ರ ಲಾಠಿಗೂ ಕುಂಕುಮಾ ಹಚ್ತೀನಿ.”

ಕೊನೆಗೆ ಸುಪ್ರಿಯಾ ರೈಫಲ್ಲಿನ ಫೋಟೋ ಪ್ರಿಂಟ್ ಮಾಡಿಕೊಟ್ಟಳು. ಶರಣಬಸಪ್ಪನವರು, “ನಿನ್ನ ಮಾತು ಮೀರೂದಿಲ್ಲವ್ವಾ,” ಎಂದು ಎಂದಿನಂತೆ ಹೇಳಿ ಹೊರಟರು. ಯಾವ ಮಾತು ಎಂದು ಕೇಳಲಿಲ್ಲ.

ಕ್ಲಬ್ಬಿನಲ್ಲಿ ಗುರಿ ಚೆನ್ನಾಗಿಯೇ ಬಿತ್ತು. ಕಣ್ಣಿನ ಕನ್ನಡಕ, ಕಿವಿಯ ಮುಚ್ಚಳ ತೆಗೆದು, ರೈಫಲ್ಲು ಖಾಲಿಯೆಂದು ಮತ್ತೆ ಮತ್ತೆ ನೋಡಿ, ತೊಳೆಯುವ ಕೋಣೆಗೆ ತಂದರು. ಕೆಟಲ್ಲಿನಲ್ಲಿ ನೀರು ಕುದಿಯುತ್ತಿತ್ತು. ದ್ವಾರಕನಾಥರು ಟೀ ಕುಡಿಯಲು ಹೋಗಿದ್ದರು. ಆಗ ಫೋನಿನ ಪರದೆಯಲ್ಲಿ ತಾಯಿಯ ಮುಖ ಮೂಡಿತು.

“ಶರಣ್ಯಾ, ಪೂಜಾ ಮುಗೀತು ನೋಡಪಾ. ನಿನ್ನ ಬಂದೂಕಿನ ಫೋಟೋಕ್ಕ ವಿಭೂತಿ ಹಚ್ಚಿ ಕಾಯಿ ಒಡದೀನಿ. ಇನ್ನ ನಾಳೆ ಬನ್ನಿ ಕೊಡೂತನಕಾ ಅದನ್ನ ಮುಟ್ಟಬ್ಯಾಡ.”

“ಅವ್ವಾ, ಈಗ ತೊಳೀಬೇಕಬೇ!”

“ನಾಳೆ ತೊಳಿ. ಎದ್ದು ಓಡಿ ಹೊಕ್ಕೈತೇನು?”

ಶರಣಬಸಪ್ಪನವರ ಬೆವರು ಕೆಟಲ್ಲಿನ ಹಬೆಯೊಡನೆ ಪೈಪೋಟಿಗೆ ಇಳಿಯಿತು. ಮುಟ್ಟಿದರೆ ತಾಯಿಗೆ ಕೊಟ್ಟ ಮಾತು ಹೋಯಿತು; ಮುಟ್ಟದಿದ್ದರೆ ನಾಳೆ ನಳಿಗೆಯೊಳಗೆ ಗಡ್ಡ. ದ್ವಾರಕನಾಥರಿಗೆ ‘ನೀವೇ ತೊಳೆಯಿರಿ’ ಎಂದರೆ ರೈಫಲ್ಲಿನ ಆಸೆಗೇ ಎಳ್ಳುನೀರು. ಕಾರ್ಖಾನೆಯಲ್ಲಿ ಒಂದು ನಿಯಮ ಅಡ್ಡ ಬಂದರೆ ಅದಕ್ಕಿಂತ ಮೇಲಿನ ನಿಯಮ ಯಾವುದೆಂದು ಹುಡುಕುವುದು ಅವರ ರೂಢಿ. ಇಲ್ಲಿಯೂ ಹುಡುಕಿದರು.

“ಅವ್ವಾ, ಜಳಕಾ ಮಾಡಸದ ಪೂಜಾ ಮಾಡಿದ್ರ ನಡೀತೈತೇನು?”

“ಎಲ್ಲಿ ನಡೀತೈತಿ? ಯಾಕ?”

“ಬಂದೂಕಿಗೆ ಜಳಕಾ ಆಗಿಲ್ಲಬೇ. ಮೈತುಂಬ ಮಸಿ.”

ಪರದೆಯ ಮೇಲೆ ತಾಯಿಯ ಕಣ್ಣು ಅಗಲವಾದವು.

“ಮಸಿ ಬಡಕೊಂಡಿದ್ದಕ್ಕ ನನ್ನ ಕಡಿಂದ ಆರತಿ ಎತ್ತಿಸಿದೇನೋ ಹುಚ್ಚಪ್ಯಾಲಿ! ಮೊದ್ಲ ಜಳಕಾ ಮಾಡ್ಸು. ನಾ ಹೊಳ್ಳಿ ಪೂಜಾ ಮಾಡ್ತೀನಿ. ಎಲ್ಲಿ, ನನ್ನ ಕಣ್ಣಮುಂದ ಮಾಡ್ಸು!”

ಫೋನನ್ನು ಗೋಡೆಗೆ ಒರಗಿಸಿ, ಶರಣಬಸಪ್ಪನವರು ಕೆಟಲ್ಲು ಎತ್ತಿದರು.

“ತಡಿ, ತಡಿ! ಎಣ್ಣಿ ಎಲ್ಲೈತಿ? ಮೊದ್ಲ ಎಣ್ಣಿ, ಆಮ್ಯಾಲೆ ನೀರು. ನಿನ್ನ ಹಂಗ ಬೆಳಸೀನೇನು?”

ಇದು ಹೊಸ ಗಂಡಾಂತರ. ಉಪ್ಪು ಎಣ್ಣೆಗೆ ಕರಗದು. ಮೊದಲೇ ಎಣ್ಣೆ ಸವರಿದರೆ ಅದರ ಕೆಳಗೆ ಉಪ್ಪು ಬೆಚ್ಚಗೆ ಸಂಸಾರ ಹೂಡುತ್ತದೆ. ಇದನ್ನು ಕಾರ್ಖಾನೆಯ ಸಭೆಗಳಲ್ಲಿ ಅವರು ಪಟ ತೋರಿಸಿ ವಿವರಿಸುತ್ತಿದ್ದರು. ಇಲ್ಲಿ ಪಟ ಇರಲಿಲ್ಲ.

“ಅವ್ವಾ, ಉಪ್ಪಿನಕಾಯಿ ಮ್ಯಾಲೆ ಎಣ್ಣಿ ಹಾಕ್ತಿ. ಒಳಗಿನ ಉಪ್ಪು ಹೊಕ್ಕೈತೇನು?”

“ಯಾಕ ಹೊಕ್ಕೈತಿ? ವರ್ಷಾನಗಟ್ಲೆ ಅಲ್ಲೇ ಇರ್ತೈತಿ.”

“ಇದರಾಗೂ ಉಪ್ಪೈತಬೇ.”

“ಹಂಗಂದ್ರ ಮೊದ್ಲ ನೀರು ಹಾಕೋ ಮಳ್ಳ! ಇಷ್ಟೊತ್ತು ಏನ್ ನೋಡಾಕತ್ತೀದಿ?”

ನಳಿಗೆಯ ಬಾಯನ್ನು ಬಕೆಟ್ಟಿನತ್ತ ಇಳಿಬಿಟ್ಟು, ಹಿಂಬದಿಯಿಂದ ಲಾಳಿಕೆಯಲ್ಲಿ ಬಿಸಿನೀರು ಹೊಯ್ದರು. ಕಪ್ಪು ನೀರು ಇಳಿಯಿತು. ಬೇರೆ ತೆಗೆದಿಟ್ಟಿದ್ದ, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟಿನ ಮುಖವನ್ನೂ ತೊಳೆದರು.

“ಸಂದಿಗೊಂದಿ ಎಲ್ಲಾ ತಿಕ್ಕು. ಚಂದಂಗಿ ಒರಸು, ಥಂಡಿ ಆದೀತು!”

ಬಾಗಿಲಲ್ಲಿ ಯಾರೋ ಕೆಮ್ಮಿದರು. ದ್ವಾರಕನಾಥರು ಟೀ ಲೋಟದೊಡನೆ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ!

“ಏನ್ರೀ ಶರಣಬಸಪ್ಪ, ನನ್ನ ರೈಫಲ್‌ಗೆ ಬಾಣಂತಿ ಕೋಣೆ ಮಾಡ್ಬಿಟ್ರಾ?”

“ಯಾರಪಾ ಅವ್ರು?” ಎಂದಿತು ಫೋನು.

“ಬಂದೂಕಿನ ಯಜಮಾನ್ರಬೇ.”

“ಏನ್ರೀ ಯಜಮಾನ್ರ, ಇಷ್ಟ ದಿನಾ ನೀವು ಇದಕ ಜಳಕಾ ಮಾಡಸೀರೋ ಇಲ್ಲೋ?”

ದ್ವಾರಕನಾಥರು ಲೋಟ ಕೆಳಗಿಟ್ಟು ಫೋನಿಗೆ ಕೈಮುಗಿದರು. “ಹೊಡೆದ ಪ್ರತಿ ಸಲಾನೂ ಮಾಡ್ಸಿದೀನಿ ತಾಯಿ. ಬಿಸಿನೀರಲ್ಲೇ.”

“ಶಾಣ್ಯಾ ಅದೀರಿ.”

ಶರಣಬಸಪ್ಪನವರು, ತೂರಿಸಿದ ಬಿಳಿ ಬಟ್ಟೆ ಒಣಗಿದಂತೆಯೇ ಹೊರಬರುವವರೆಗೆ ನಳಿಗೆಯನ್ನು ಒರೆಸಿ, ಆಮೇಲೆಯೇ ಎಣ್ಣೆ ಸವರಿದರು. ಅತ್ತ ಬುಕಿತ್ ಪಂಜಾಂಗಿನಲ್ಲಿ ಫೋಟೋಕ್ಕೆ ಎರಡನೆಯ ಕಾಯಿ ಒಡೆಯಿತು.

ಮರುದಿನ ವಿಜಯದಶಮಿ. ಬನ್ನಿಯ ಎಲೆ ಸಿಗದೆ ಇಶಾ ಹೊಳೆಯುವ ಕಾಗದದಲ್ಲಿ ಎಲೆ ಕತ್ತರಿಸಿಕೊಟ್ಟಿದ್ದಳು. ಮನೆಯಲ್ಲಿ ಅದನ್ನು ಹಂಚಿದ ಮೇಲೆ, ಒಂದೆಲೆಯನ್ನು ಜೇಬಿನಲ್ಲಿಟ್ಟುಕೊಂಡು ಶರಣಬಸಪ್ಪನವರು ಕ್ಲಬ್ಬಿಗೆ ಹೋದರು. ದ್ವಾರಕನಾಥರು ಬಿಳಿ ಬಟ್ಟೆಯನ್ನು ನಳಿಗೆಯಲ್ಲಿ ತೂರಿಸಿ ಎಳೆದರು. ಕಿಟಕಿಯ ಬೆಳಕಿಗೆ ಹಿಡಿದರು. ತಮ್ಮ ಕಣ್ಣಿನ ಮೇಲೆ ನಂಬಿಕೆ ಸಾಲದೆ ಬಂದೂಕುಗಾರನಿಗೂ ತೋರಿಸಿದರು. ಎಣ್ಣೆಯ ಪಸೆಯಲ್ಲದೆ ಕೆಂಪಿನ ಸುಳಿವೂ ಇರಲಿಲ್ಲ.

“ಪೇಪರ್ಸ್ ಸಬ್ಮಿಟ್ ಮಾಡ್ತೀನಿ,” ಎಂದರು. “ಪೊಲೀಸ್ ಅಪ್ರೂವಲ್ ಬಂದ್ರೆ ರೈಫಲ್ ನಿಮ್ದು. ನಿಮ್ಮನ್ನ ನೋಡಿ ಕೊಡ್ತಿಲ್ಲ, ತಿಳ್ಕೊಳ್ಳಿ. ನಿಮ್ಮ ತಾಯಿನ ನೋಡಿ.”

ಶರಣಬಸಪ್ಪನವರು ಕಾಗದದ ಬನ್ನಿಯನ್ನು ಅವರ ಕೈಗಿಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೋಣ ಸರ್,” ಎಂದರು. ಚಿಕ್ಕಂದಿನಿಂದ ಹೇಳುತ್ತ ಬಂದ ಮಾತು. ಬಂಗಾರಕ್ಕೆ ತುಕ್ಕು ಹಿಡಿಯುವುದಿಲ್ಲ ಎಂಬುದು ಅಂದೇ ಅವರಿಗೆ ಹೊಳೆದು, ಆ ಮಾತು ಕಟ್ಟಿದ ಹಿರಿಯರ ಮೇಲಿನ ಗೌರವ ಹೆಚ್ಚಾಯಿತು.

ಶಂಕ್ರೆವ್ವ ಊರಿಗೆ ಮರಳಿದ್ದಾರೆ. ಮಗ ಕ್ಲಬ್ಬಿಗೆ ಹೋದ ದಿನ ಬಾಗಲಕೋಟೆಯಿಂದ ಫೋನು ತಪ್ಪುವುದಿಲ್ಲ.

“ಕೂಸಿಗೆ ಜಳಕಾ ಆತೇನು?”

“ಆತಬೇ.”

“ಎಣ್ಣಿ?”

“ಆಮ್ಯಾಲೆ ಹಚ್ಚೀನಿ.”

“ಹಾಂ. ಈಗ ನೀನೂ ಉಣ್ಣು.”