ಶಿವಕಾಂತಾ ಹೆಸರಿನಲ್ಲಿರುವ ನಾಯಿ

ಗಾಣಗಾಪುರದ ದೇವಸ್ಥಾನದ ಹಿಂದಿನ ಓಣಿಯೊಂದರಲ್ಲಿ ಶಿವಕಾಂತಾ ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸುತ್ತಾರೆ. ಹನ್ನೆರಡರೊಳಗೆ ನೂರೈವತ್ತು ಜೋಳದ ರೊಟ್ಟಿ ಆಗಬೇಕು. ಮೂರು ಲಾಡ್ಜ್‌ಗಳ ಊಟಕ್ಕೆ ಹೋಗುವ ರೊಟ್ಟಿ ಅದು. ಹತ್ತೊಂಬತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದರೂ ದಿನದ ಮೊದಲ ರೊಟ್ಟಿ ಅವರಿಗೆ ಇಂದಿಗೂ ಸರಿಯಾಗಿ ಬರುವುದಿಲ್ಲ. ಹಂಚು ಎಷ್ಟು ಕಾದಿದೆ ಎಂಬುದು ಗೊತ್ತಾಗುವುದೇ ಆ ರೊಟ್ಟಿಯಿಂದ. ಒಂದು ಕಡೆ ಸೀದಿರುತ್ತದೆ, ಇಲ್ಲವೇ ನಡುವೆ ಹಸಿ ಉಳಿದಿರುತ್ತದೆ. ಆ ರೊಟ್ಟಿ ಭೂರ್ಯಾನದು.

ಭೂರ್ಯಾ ಕಂದುಬಣ್ಣದ ನಾಯಿ. ನಾಲ್ಕು ವರ್ಷದ ಹಿಂದೆ ಎದುರಿನ ತೆಂಗಿನಕಾಯಿ ಅಂಗಡಿಯ ಚೀಲಗಳ ಸಂದಿಯಲ್ಲಿ ಮರಿಯಾಗಿ ಸಿಕ್ಕಿತ್ತು. ಅಂಗಡಿಯ ಇಸ್ಮಾಯಿಲ ಬಣ್ಣ ನೋಡಿ, ಹಿಂದಿಯಲ್ಲಿ ಕಂದು ಎಂಬರ್ಥದ ಆ ಹೆಸರಿಟ್ಟರು, ದಿನಕ್ಕೆರಡು ಬಿಸ್ಕೀಟು ಗೊತ್ತುಮಾಡಿದರು. ಮಲಗುವುದು ಶಿವಕಾಂತಾ ಅವರ ಒಲೆಯ ಪಕ್ಕದ ಬೆಚ್ಚನೆಯ ಬೂದಿಯಲ್ಲಿ. ಮಧ್ಯಾಹ್ನದ ವಿಶ್ರಾಂತಿ ಲಾಡ್ಜಿನ ಮೆಟ್ಟಿಲ ಮೇಲೆ. ಇದು ಯಾರ ನಾಯಿ ಎಂದು ಕೇಳಿದರೆ ಓಣಿಯವರೆಲ್ಲ ಒಂದೇ ಉತ್ತರ ಕೊಡುತ್ತಿದ್ದರು: ದೇವರದು.

ಆ ಉತ್ತರಕ್ಕೆ ಈ ಊರಿನಲ್ಲಿ ಆಧಾರವಿದೆ. ದಿನವೂ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದತ್ತಾತ್ರೇಯ ಇಲ್ಲಿ ಭಿಕ್ಷೆಗೆ ಬರುತ್ತಾನೆ, ಯಾವ ರೂಪದಲ್ಲಿ ಬರುತ್ತಾನೆಂದು ಹೇಳಲಾಗದು ಎಂಬ ನಂಬಿಕೆ ಇದೆ. ಅದಕ್ಕೇ ಯಾತ್ರಿಕರು ಜೋಳಿಗೆ ಹಿಡಿದು ಐದು ಮನೆಯ ಮುಂದೆ ಮಧುಕರಿ ಭಿಕ್ಷೆ ಬೇಡುತ್ತಾರೆ. ದತ್ತನ ಪಟದಲ್ಲಿ ಕಾಲ ಬಳಿ ನಾಲ್ಕು ನಾಯಿಗಳಿರುವುದರಿಂದ ಆ ಹೊತ್ತಿನಲ್ಲಿ ಯಾರೂ ನಾಯಿಯತ್ತ ಕಲ್ಲು ಎತ್ತುವುದಿಲ್ಲ. ಶಿವಕಾಂತಾ ಅವರದು ಬಸವಣ್ಣನವರನ್ನು ನಂಬಿದ ಮನೆತನ, ಕೊರಳಲ್ಲಿ ಇಷ್ಟಲಿಂಗ. ಆದರೂ ಹನ್ನೆರಡಕ್ಕೆ ಬಾಗಿಲಿಗೆ ಬಂದವರ ಊರು, ಹೆಸರು ಅವರು ಕೇಳುವುದಿಲ್ಲ. ರೊಟ್ಟಿಯ ಮೇಲೆ ಇಷ್ಟು ಪಲ್ಯ ಇಟ್ಟು ಕೊಡುತ್ತಾರೆ.

ಕಳೆದ ಚಳಿಗಾಲದಲ್ಲಿ ಶಾಲೆಯ ಮೈದಾನದಲ್ಲಿ ನಾಯಿಗಳಿಗೆ ರೇಬೀಸ್ ಲಸಿಕೆ ಹಾಕಿದರು. ಭೂರ್ಯಾನನ್ನು ಓಣಿಯವರೆಲ್ಲ ಸೇರಿ ಕರೆದೊಯ್ದರು. ಪಶು ಆಸ್ಪತ್ರೆಯ ಖಮರ ಕಾರ್ಡು ತುಂಬುತ್ತ ಮಾಲೀಕರ ಹೆಸರು ಕೇಳಿದಾಗ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಓಣಿಯದು ಅಂತ ಬರೆಯಿರಿ ಎಂದು ಇಸ್ಮಾಯಿಲ ಸೂಚಿಸಿದರು.

"ಓಣಿಗಿ ಅಪ್ಪನ ಹೆಸರು ಏನ್ ಹಾಕ್ಲಿ?" ಎಂದರು ಖಮರ. ಕಾರ್ಡಿನಲ್ಲಿ ಇದ್ದದ್ದು ಒಂದೇ ಗೆರೆ, ಒಂದೇ ಹೆಸರು ಹಿಡಿಸುವಷ್ಟು.

ಸಾಲಿನಲ್ಲಿ ಹಿಂದಿದ್ದ ನಾಯಿಗಳು ಜಗಳಕ್ಕೆ ಬಿದ್ದಿದ್ದವು. ಶಿವಕಾಂತಾ ಅವರಿಗೆ ಮನೆಯಲ್ಲಿ ಹಿಟ್ಟು ಕಾಯುತ್ತಿತ್ತು. ನನ್ನ ಹೆಸರು ಬರೆಯಿರಿ ಎಂದುಬಿಟ್ಟರು.

ಮನೆ ಅತ್ತೆಯ ಹೆಸರಿನಲ್ಲಿದೆ. ಗಾಣಗಾಪುರ ರೋಡ್ ಸ್ಟೇಷನ್ನಿಗೂ ಊರಿಗೂ ಓಡುವ ಟಂಟಂ ಆಟೊ ಗಂಡ ಮಲ್ಲಣ್ಣನ ಹೆಸರಿನಲ್ಲಿ. ಕೈಯಲ್ಲಿರುವ ಮೊಬೈಲಿನ ಸಿಮ್ಮು ಕೂಡ ಮಗನ ಹೆಸರಿನದು. ಐವತ್ತಮೂರನೆಯ ವಯಸ್ಸಿನಲ್ಲಿ ಶಿವಕಾಂತಾ ಅವರ ಒಡೆತನವನ್ನು ಸರ್ಕಾರಿ ಕಾಗದ ಮೊದಲ ಸಲ ಒಪ್ಪಿಕೊಂಡಿತ್ತು. ಕಾರ್ಡನ್ನು ಅವರು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ರೇಷನ್ ಕಾರ್ಡಿನ ಜೊತೆ ಇಟ್ಟರು. ಮಲ್ಲಣ್ಣ ನೋಡಿ ನಕ್ಕರು.

"ಏನಬೇ, ಆಸ್ತಿ ಮಾಡಿದಿ. ಇನ್ನ ನಿನ್ನ ಹೆಸರಿಲೆ ಹೊಲದ ಉತಾರ ತಗಸೂದೊಂದೇ ಬಾಕಿ."

ಮಳೆಗಾಲ ಮುಗಿದ ಮೇಲೆ ಒಂದು ಗುರುವಾರ, ದತ್ತನ ವಾರ, ಓಣಿ ತುಂಬಿತ್ತು. ಮಹಾರಾಷ್ಟ್ರದ ಬಾರ್ಶಿಯಿಂದ ಬಂದಿದ್ದ ಅನಂತರಾವ್ ಎಂಬ ನಿವೃತ್ತ ಬಸ್ ಕಂಡಕ್ಟರು ನಾಲ್ಕು ಮನೆ ಮುಗಿಸಿ ಐದನೆಯದಕ್ಕೆ ಶಿವಕಾಂತಾ ಅವರ ಬಾಗಿಲಿಗೆ ಬಂದರು. ಹೊಸ್ತಿಲ ಹೊರಗೆ ಭೂರ್ಯಾ ಯಾರೋ ಯಾತ್ರಿಕರು ಹಾಕಿದ ರೊಟ್ಟಿಯನ್ನು ಎರಡು ಮುಂಗಾಲುಗಳ ನಡುವೆ ಹಿಡಿದುಕೊಂಡು, ಅರ್ಧ ಕಣ್ಣು ಮುಚ್ಚಿ ತಿನ್ನುತ್ತಿತ್ತು. ಹನ್ನೆರಡು ಗಂಟೆ, ಐದನೆಯ ಮನೆ, ಭಿಕ್ಷೆಯ ರೊಟ್ಟಿ, ನಾಯಿ. ಅನಂತರಾವ್ ಅವರ ಮನಸ್ಸಿನಲ್ಲಿ ಸಂಶಯ ಉಳಿಯಲಿಲ್ಲ. ತಮ್ಮ ಕೈಯಲ್ಲಿದ್ದ ಚೆಂಡುಹೂವಿನ ಮಾಲೆಯನ್ನು ಅದರ ಕೊರಳಿಗೆ ಹಾಕಿದರು. ಭೂರ್ಯಾ ಸಹಿಸಿಕೊಂಡಿತು. ಆಮೇಲೆ ಅವರು ಮಂಡಿಯೂರಿ, ಪಾದ ಮುಟ್ಟಲೆಂದು ಕೈ ಚಾಚಿದರು. ಪಾದಗಳ ನಡುವೆ ರೊಟ್ಟಿ ಇತ್ತು. ತನ್ನ ರೊಟ್ಟಿಗೆ ಕೈ ಬಂತೆಂದೇ ನಾಯಿ ತಿಳಿಯಿತು.

ಬಲ ಮಣಿಕಟ್ಟಿನ ಮೇಲೆ ಎರಡು ಹಲ್ಲು ಊರಿದ್ದವು, ರಕ್ತ ಬಂದಿತ್ತು. ಅನಂತರಾವ್ ಗುರುವಿನ ಹೆಸರು ಹೇಳಿ ಮತ್ತೆ ಕೈ ಮುಗಿದರು. ಹಿಂದೆ ಬರುತ್ತಿದ್ದ ಮಗಳು ಅನುರಾಧಾ ಕೈ ಮುಗಿಯಲಿಲ್ಲ. ಆಕೆ ಶಾಲೆಯ ಶಿಕ್ಷಕಿ. ತಂದೆಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಗಡಿಯಾರ ನೋಡಿಕೊಂಡು ಕಾಲು ತಾಸು ಸಾಬೂನು ಹಚ್ಚಿ ತೊಳೆದರು. ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಹಾಕಿಸಿದರು. ಅಲ್ಲಿಂದ ನೇರ ಪೊಲೀಸ್ ಠಾಣೆಗೆ ಹೋಗಿ ದೂರು ಬರೆಯಲು ಕುಳಿತರು. ಇವತ್ತು ತಂದೆಯ ಕೈ, ನಾಳೆ ಕೂಸಿನ ಮುಖ ಎಂಬುದು ಅವರ ವಾದ.

ಸುದ್ದಿ ಟಂಟಂನಲ್ಲಿದ್ದ ಪ್ರಯಾಣಿಕರಿಂದ ಮಲ್ಲಣ್ಣನಿಗೆ ದಾರಿಯಲ್ಲೇ ಮುಟ್ಟಿತ್ತು. ಮನೆಗೆ ಬಂದವರೇ ಕಾರ್ಡನ್ನು ಹಿಟ್ಟಿನ ಡಬ್ಬಿಯ ತಳಕ್ಕೆ ಹಾಕು ಎಂದರು. ಇಸ್ಮಾಯಿಲರದೂ ಅದೇ ಸಲಹೆ. ವಾರಸುದಾರರಿಲ್ಲದ ನಾಯಿಯ ಮೇಲೆ ಕೇಸು ಹಾಕಲು ಆಗುವುದಿಲ್ಲ, ಇಡೀ ಓಣಿ ದೇವರದು ಅಂತಲೇ ಹೇಳುತ್ತದೆ, ನೀವು ಸುಮ್ಮನಿರಿ. ಅಷ್ಟರಲ್ಲಿ ಠಾಣೆಯಿಂದ ಓಣಿಯವರಿಗೆ ಕರೆ ಬಂತು. ಶಿವಕಾಂತಾ ಹೊರಡುವಾಗ ಕಾರ್ಡು ಡಬ್ಬಿಗೆ ಹೋಗಲಿಲ್ಲ, ಸೆರಗಿನ ಗಂಟಿಗೆ ಹೋಯಿತು. ಹಾಗೇಕೆ ಮಾಡಿದಿರಿ ಎಂದು ಆಮೇಲೆ ಕೇಳಿದವರಿಗೆ ಅವರು ಕೊಟ್ಟ ಕಾರಣ, ಹಿಟ್ಟಿನಲ್ಲಿ ಅಕ್ಷರ ಅಳಿಸಿಹೋಗುತ್ತದೆ ಎಂಬುದು.

ಠಾಣೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಕಲ್ಯಾಣಕುಮಾರ ಮೇಜಿನ ಹಿಂದಿದ್ದರು. ಅತನೂರಿನವರು, ನಿಧಾನದ ಮನುಷ್ಯ. ನಾಯಿ ಯಾರದು ಎಂದು ಒಬ್ಬೊಬ್ಬರನ್ನೇ ಕೇಳಿದರು. ಎಂಟು ಜನ ದೇವರದು ಎಂದರು.

"ದೇವರಿಗಿ ನೋಟಿಸ್ ಕಳಿಸಿದ್ರ ಸಹಿ ಯಾರ್ ಮಾಡ್ತಾರ್ರಿ?" ಎಂದು ಅವರು ಪೆನ್ನು ಕೆಳಗಿಟ್ಟರು.

ಆಮೇಲೆ ಎರಡೂ ದಾರಿಗಳನ್ನು ಬಿಡಿಸಿ ಹೇಳಿದರು. ಪ್ರಾಣಿಯನ್ನು ಇಟ್ಟುಕೊಂಡವರು ಅದರಿಂದ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳಬೇಕು. ಅಲಕ್ಷ್ಯ ಮಾಡಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಐದು ಸಾವಿರದವರೆಗೆ ದಂಡ, ಇಲ್ಲವೇ ಎರಡೂ. ನಾಯಿಗೆ ಮಾಲೀಕರೇ ಇಲ್ಲವೆಂದಾದರೆ ಕೇಸು ಯಾರ ಮೇಲೂ ಇಲ್ಲ. ಆದರೆ ಕಚ್ಚಿದ ನಾಯಿಯನ್ನು ಓಣಿಯಲ್ಲಿ ಬಿಡಲಾಗದು, ಹಿಡಿದೊಯ್ಯಲು ಪಂಚಾಯಿತಿಗೆ ಬರೆಯುತ್ತೇನೆ, ಮರಳಿ ಬರುತ್ತದೆಂದು ಹೇಳಲಾರೆ. ಹೊರಗೆ ಬೇವಿನ ನೆರಳಿನಲ್ಲಿ ಭೂರ್ಯಾ ಮಾಲೆ ಸಮೇತ ಕೂತು ಬಾಲ ಆಡಿಸುತ್ತಿತ್ತು. ಓಣಿಯವರ ಹಿಂದೆ ಅದೂ ಬಂದಿತ್ತು.

ಆಗ ಅನುರಾಧಾ ಒಂದು ಪ್ರಶ್ನೆ ಕೇಳಿದರು. ಆಸ್ಪತ್ರೆಯವರೂ ತಮ್ಮನ್ನು ಅದನ್ನೇ ಕೇಳಿದ್ದರಂತೆ: ಈ ನಾಯಿಗೆ ಲಸಿಕೆ ಆಗಿದೆಯೇ? ಮರಾಠಿಯಲ್ಲಿ ಕೇಳಿದರೂ ಎಲ್ಲರಿಗೂ ತಿಳಿಯಿತು. ದೇವರದು ಎಂದ ಎಂಟು ಜನರಿಗೂ ಉತ್ತರ ಗೊತ್ತಿತ್ತು. ಲಸಿಕೆಯ ದಿನ ಅವರೇ ಅದರ ಕಾಲು ಹಿಡಿದಿದ್ದರು. ಹೇಳಿದರೆ ಕಾರ್ಡೂ ಅದರ ಮೇಲಿನ ಹೆಸರೂ ಹೊರಬೀಳುತ್ತವೆಂದು ತಡೆದುಕೊಂಡರು. ಅನಂತರಾವ್ ತಮ್ಮ ಮಣಿಕಟ್ಟಿನ ಪಟ್ಟಿಯನ್ನು ನೋಡಿಕೊಂಡರು. ಅಲ್ಲಿಯವರೆಗೆ ನಗುತ್ತಿದ್ದ ಮುದುಕ ಆಗ ಮೊದಲ ಸಲ ಹೆದರಿದಂತೆ ಕಂಡರು.

ಶಿವಕಾಂತಾ ಸೆರಗಿನ ಗಂಟು ಬಿಚ್ಚಿ ಕಾರ್ಡನ್ನು ಮೇಜಿನ ಮೇಲಿಟ್ಟರು.

"ಸೂಜಿ ಆಗ್ಯಾದ್ರಿ ಸಾಹೇಬ್ರ. ನಾಯಿ ನಂದೇ ಅದ. ಹೆಸರು ಓದ್ರಿ."

ಮಲ್ಲಣ್ಣ ಗೋಡೆಯ ಕಡೆ ನೋಡಿದರು. ಕಲ್ಯಾಣಕುಮಾರ ಹೆಸರು, ತಾರೀಖು ಗಟ್ಟಿಯಾಗಿ ಓದಿ ಕಾರ್ಡನ್ನು ಅನುರಾಧಾ ಅವರ ಕೈಗೆ ಕೊಟ್ಟರು. ಆಕೆ ಎರಡು ಸಲ ನೋಡಿದರು. ಆದರೂ ತಂದೆಯ ಸೂಜಿಗಳು ಪೂರ್ತಿ ಆಗಲೇಬೇಕು, ಹತ್ತು ದಿನ ನಾಯಿಯನ್ನು ಕಟ್ಟಿಹಾಕಿ ಅದರ ಮೇಲೆ ಕಣ್ಣಿಡಲೇಬೇಕು ಎಂದರು. ಬರೆದ ದೂರನ್ನು ಸಲ್ಲಿಸಲಿಲ್ಲ, ಹರಿಯಲೂ ಇಲ್ಲ. ಮಡಚಿ ತಮ್ಮ ಚೀಲಕ್ಕೆ ಹಾಕಿಕೊಂಡರು. ಈ ಹತ್ತು ದಿನದಲ್ಲಿ ನಾಯಿ ಒಂದು ಸಲ ಹಗ್ಗದಿಂದ ಬಿಡಿಸಿಕೊಂಡದ್ದು ಕಂಡರೂ ಈ ಕಾಗದ ಮೇಜಿಗೆ ಬರುತ್ತದೆ ಎಂದು ಹೇಳಿದರು. ಶಿವಕಾಂತಾ ಒಪ್ಪಿದರು.

ನಾಯಿಯನ್ನು ಕಟ್ಟುವುದು ಸುಲಭವಿತ್ತು. ಗಾಣಗಾಪುರದಲ್ಲಿ ಹನ್ನೆರಡರ ಹೊತ್ತಿಗೆ ಕಟ್ಟಿಯೇ ಇಡುವುದು ಕಷ್ಟವಾಗಿತ್ತು. ಬಾಗಿಲ ಗೂಟಕ್ಕೆ ಕಟ್ಟಿದ ನಾಯಿಯನ್ನು ಕಂಡು ಯಾತ್ರಿಕರು ನೊಂದುಕೊಂಡರು. ಒಬ್ಬರು ಅದರ ಮುಂದೆ ಊದುಬತ್ತಿ ಹಚ್ಚಿ ಹೋದರು. ಇಸ್ಮಾಯಿಲ ತಮ್ಮ ಅಂಗಡಿಯ ಸ್ಟೂಲನ್ನು ಅತ್ತ ಮುಖಮಾಡಿ ಹಾಕಿಕೊಂಡು ಕಾವಲು ಕೂತರು. ಗಿರಾಕಿ ಬಂದಾಗ ಮಾತ್ರ ಅವರ ಕಣ್ಣು ತಪ್ಪುತ್ತಿತ್ತು. ಅನುರಾಧಾ ಶಾಲೆಗೆಂದು ಬಾರ್ಶಿಗೆ ಮರಳಿದರು, ಅನಂತರಾವ್ ಲಾಡ್ಜಿನಲ್ಲೇ ಉಳಿದರು. ದಿನವೂ ಹನ್ನೆರಡಕ್ಕೆ ಬಂದು ಶಿವಕಾಂತಾ ಅವರ ಭಿಕ್ಷೆ ತೆಗೆದುಕೊಂಡು, ಐದು ಮಾರು ದೂರದಿಂದ ಭೂರ್ಯಾನ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು.

ಮುಂದಿನ ಗುರುವಾರ, ತಂದೆಗೆ ಇನ್ನೊಂದು ಸೂಜಿ ಹಾಕಿಸಲು ಅನುರಾಧಾ ಬಾರ್ಶಿಯಿಂದ ಬಂದು ಅವರ ಜೊತೆಗೇ ಓಣಿಗಿಳಿದರು. ಇಸ್ಮಾಯಿಲ ಆಗ ಗಿರಾಕಿಗೆ ಕಾಯಿ ಆರಿಸಿ ಕೊಡುತ್ತಿದ್ದರು. ಲಾತೂರಿನ ಕಡೆಯ ಹೆಂಗಸೊಬ್ಬರು ಭೂರ್ಯಾನ ಮುಂದೆ ಕೂತು, ಭಿಕ್ಷೆಯ ಹೊತ್ತಿಗೆ ಸ್ವಾಮಿಯನ್ನು ಹೀಗೆ ಬಿಗಿಯಬಾರದು ಎನ್ನುತ್ತ ಗಂಟನ್ನು ಬಿಚ್ಚತೊಡಗಿದ್ದರು. ಭೂರ್ಯಾ ಸಂತೋಷದಿಂದ ಅವರ ಕೈ ನೆಕ್ಕುತ್ತಿತ್ತು. ಗಂಟು ಅರ್ಧ ಸಡಿಲಾಗಿತ್ತು.

ಶಿವಕಾಂತಾ ಹಂಚಿನ ಮೇಲೆ ರೊಟ್ಟಿ ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ಹಗ್ಗ ಹಿಡಿದರು.

"ಯವ್ವಾ, ದೇವರು ನಿಮ್ಮವ್ರು ಇರ್ಲಿ, ಬ್ಯಾಡ ಅನ್ನಂಗಿಲ್ಲ. ನಾಯಿ ನಂದದ. ಕೈ ತಗೀರಿ."

ಹೆಂಗಸು ಕೈ ತೆಗೆದರು. ಶಿವಕಾಂತಾ ಗಂಟನ್ನು ಮತ್ತೆ ಬಿಗಿದು, ಒಳಗೆ ಹೋಗಿ ರೊಟ್ಟಿ, ಪಲ್ಯ ತಂದು ಅವರ ಕೈಗಿಟ್ಟರು. ಬರುವವನು ಬಾಗಿಲಿಗೆ ಬರುತ್ತಾನೆ, ಬಾಗಿಲಿಗೆ ಬಂದವರು ನೀವು, ತಗೊಳ್ಳಿ ಎಂದರು. ಹಂಚಿನ ಮೇಲಿದ್ದ ರೊಟ್ಟಿ ಅಷ್ಟರಲ್ಲಿ ಕರಕಲಾಗಿತ್ತು. ಭೂರ್ಯಾನಿಗೆ ಆ ದಿನ ಎರಡನೆಯ ರೊಟ್ಟಿ ಸಿಕ್ಕಿತು. ಅನುರಾಧಾ ಇದೆಲ್ಲ ನಿಂತು ನೋಡಿದರು.

ಭಾನುವಾರ ಹತ್ತು ದಿನ ತುಂಬಿತು. ಖಮರ ಬಂದು, ನಾಯಿಯ ಬಾಯಿ, ಕಣ್ಣು, ನಡಿಗೆ ನೋಡಿ, ಆರೋಗ್ಯವಾಗಿದೆ ಎಂದು ಕಾರ್ಡಿನ ಮೇಲೆ ಬರೆದರು. ಎರಡು ಕಿಲೋ ತೂಕ ಹೆಚ್ಚಿದೆ ಎಂದು ಬಾಯಿಮಾತಿನಲ್ಲಿ ಸೇರಿಸಿದರು. ಕಲ್ಯಾಣಕುಮಾರ ಮೋಟಾರ್ ಸೈಕಲ್ ನಿಲ್ಲಿಸಿ ಎಲ್ಲರನ್ನೂ ಒಮ್ಮೆ ನೋಡಿದರು. ಅನುರಾಧಾ ಚೀಲದಿಂದ ಮಡಚಿದ ದೂರನ್ನು ತೆಗೆದಾಗ ಮಲ್ಲಣ್ಣ ಟಂಟಂನಿಂದ ಇಳಿದು ನಿಂತರು.

ಆಕೆ ಕಾಗದವನ್ನು ತಿರುವಿ, ಖಾಲಿ ಬೆನ್ನಿನ ಮೇಲೆ ಮರಾಠಿಯಲ್ಲಿ ಎರಡು ಸಾಲು ಬರೆದರು. ಬರುವ ಯಾತ್ರಿಕರಲ್ಲಿ ಹೆಚ್ಚಿನವರು ಓದುವುದು ಇದೇ ಭಾಷೆ, ಹಲಗೆಯ ಮೇಲೆ ಬರೆಸಿ ಬಾಗಿಲಲ್ಲಿ ಹಾಕಿಸಿ ಎಂದು ಶಿವಕಾಂತಾ ಅವರಿಗೆ ಕೊಟ್ಟರು. ಕನ್ನಡದ ಸಾಲು ಇಸ್ಮಾಯಿಲರದು. ಹಲಗೆಯೂ ಅವರದೇ. ಅದಕ್ಕೆ ಬದಲಾಗಿ ತಮ್ಮ ಹೆಸರನ್ನೂ ಸೇರಿಸಬೇಕೆಂದು ಅವರು ವಾದಿಸಿದರು. ಅರ್ಧ ನಾಯಿ ತಮ್ಮ ಬಿಸ್ಕೀಟಿನಿಂದ ಆದದ್ದು ಎಂಬುದು ಅವರ ಲೆಕ್ಕ.

"ಯಾವ ಅರ್ಧ ಅಣ್ಣಾ?" ಎಂದರು ಶಿವಕಾಂತಾ. "ಹಲ್ಲಿನ ಕಡೆ ಅರ್ಧ ಬೇಕಾದ್ರ ಬರಸ್ತೇನಿ."

ಇಸ್ಮಾಯಿಲ ಹಕ್ಕು ಬಿಟ್ಟುಕೊಟ್ಟರು.

ಹಲಗೆ ಈಗಲೂ ಬಾಗಿಲ ಪಕ್ಕದಲ್ಲಿದೆ. ಭೂರ್ಯಾ ಹನ್ನೆರಡರಿಂದ ಒಂದರವರೆಗೆ ಅರ್ಧ ಬಾಗಿಲಿನ ಒಳಗೆ ಇರುತ್ತದೆ. ಮೂತಿಯಷ್ಟೇ ಹೊರಗೆ ಕಾಣುತ್ತದೆ. ಅನಂತರಾವ್ ಪ್ರತಿ ಹುಣ್ಣಿಮೆಗೆ ಬಂದಾಗ ಮಾಲೆಯನ್ನು ಅದಕ್ಕೆಂದೇ ಹೊಡೆಸಿದ ಮೊಳೆಗೆ ಹಾಕುತ್ತಾರೆ. ಹಲಗೆಯ ಕನ್ನಡದ ಸಾಲು ಹೀಗಿದೆ: "ಈ ನಾಯಿಗೆ ದೂರದಿಂದ ನಮಸ್ಕಾರ ಮಾಡಿರಿ. ಮಾಲೀಕರು: ಶಿವಕಾಂತಾ." ಅಂಚೆಯವರು ಈಗ ಆ ಮನೆಯನ್ನು ಅದರಿಂದಲೇ ಗುರುತಿಸುತ್ತಾರೆ. ಮಲ್ಲಣ್ಣನ ಹೆಸರಿಗೆ ಬರುವ ಕಾಗದಗಳೂ ಶಿವಕಾಂತಾ ಅವರ ಹಲಗೆ ನೋಡಿಯೇ ಬಂದು ಮುಟ್ಟುತ್ತವೆ.