ಎತ್ತಿಗೂ ಸೋಮವಾರ

ನನ್ನ ಮೊಮ್ಮಗ ಇವತ್ತು ಸೋಮವಾರ ಗರಡಿಗೆ ಹೋಗಲಿಲ್ಲ! ಊದಿದ ಮೊಣಕಾಲಿಗೆ ಅರಿಸಿನ ಹಚ್ಚಿಕೊಂಡು ಮನೆಯಲ್ಲೇ ಕುಳಿತ. ನನಗೆ ಸಂತೋಷ ತಡೆಯಲಾಗದೆ ಬರೆಯಲು ಕೂತಿದ್ದೇನೆ.

ನಿಜಾಮರ ಕಾಲದಲ್ಲಿ ಯಲಬುರ್ಗಾ ಸೀಮೆಯ ನಮ್ಮೂರಲ್ಲಿ ಕುಸ್ತಿ ಕಲಿಸುವ ವಸ್ತಾದರೊಬ್ಬರಿದ್ದರು. ಸೋಮವಾರ ಎತ್ತು ಹೂಡುವುದಿಲ್ಲವಲ್ಲ, ಹಾಗೆಯೇ ಅಂದು ಗರಡಿಗೂ ಕೀಲಿ. ಬಾಗಿಲ ಕಟ್ಟೆಯ ಮೇಲೆ ಅವರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದರು. ಯಾರಾದರೂ ಬಂದರೆ ಸಿಡಿಯುತ್ತಿದ್ದರು: "ಎತ್ತಿಗೆ ಸೋಮವಾರ ಐತಿ, ನಿನಗಿಲ್ಲೇನಲೇ?"

ಕುಷ್ಟಗಿಯ ಕುಸ್ತಿಗೆ ನನ್ನನ್ನೇ ಆರಿಸಿದ್ದರು. ಒಂದು ದಿನ ಬಿಟ್ಟರೆ ಮೈ ಸಡಿಲಾದೀತೆಂದು ಹೆದರಿ, ಸೋಮವಾರ ನಾನು ಕೊಟ್ಟಿಗೆಯಲ್ಲಿ ಕದ್ದು ಬಸ್ಕಿ ಹೊಡೆದೆ. ಮರುದಿನ ಅವರು ನನ್ನ ತೊಡೆ ಒತ್ತಿ ನೋಡಿದರು. ನೋವಿಗೆ ಹಲ್ಲು ಕಚ್ಚಿದೆ. ಅವರು ನನ್ನ ಲಂಗೋಟಿಯನ್ನು ಒಯ್ದು ನಮ್ಮ ಎತ್ತಿನ ಕೊಂಬಿಗೆ ಕಟ್ಟಿದರು.

"ಇದು ನಿನ್ನಿ ಸುಮ್ನ ಮಲಗಿತ್ತು. ಕುಷ್ಟಗಿಗೆ ಇದನ್ನ ಕರಕೊಂಡು ಹೋಗ್ತೀನಿ!"

"ನಿಮ್ಮ ಕೈಯರ ಎಲ್ಲಿ ಸುಮ್ನ ಇರ್ತಾವ್ರಿ?" ಎಂದು ನಾನೂ ಸಿಟ್ಟಿನಿಂದ ಚೀರಿದೆ.

"ಅದಕ್ಕ ಅವುಗಳ ಮ್ಯಾಲ ಕೂಡ್ತೀನಲೇ, ಮಂಗ್ಯಾ!"

ಕುಷ್ಟಗಿಗೆ ಬೇರೆಯವನು ಹೋದ. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಅದೇ ಸಿಟ್ಟಿನಲ್ಲಿ ಮೊನ್ನೆ, ಊದಿದ ಮೊಣಕಾಲಲ್ಲೇ ಗರಡಿಗೆ ಹೊರಟಿದ್ದ ಮೊಮ್ಮಗನಿಗೆ ಅವರ ಮಾತಿನಿಂದಲೇ ಬೈದು, ಅವರು ಕೂರುತ್ತಿದ್ದ ರೀತಿಯನ್ನೂ ಹೇಳಿದ್ದೆ.

ಇವತ್ತು ಸಂಜೆ ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣಲು ಕುಳಿತೆವು. ಮೊಮ್ಮಗ ಮುಖ ಗಂಟಿಕ್ಕಿಕೊಂಡು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದ. ಸೊಸೆ ಬಿಸಿ ರೊಟ್ಟಿ ಹಾಕಿದಾಗ ಮಾತ್ರ ಹೊರಗೆ ತೆಗೆದ.