ಟವಲಿನ ಕೆಳಗಿನ ಬೆಲೆ

ಮೋಟಾರು ಕಪ್ಪೋ ಹಸಿರೋ, ನನ್ನ ನೆನಪನ್ನು ನಂಬಬೇಡಿ. ಟವಲು ಮಾತ್ರ ಕೆಂಪು. ಬಸ್ಸು ಬಂದಮೇಲೆ ಬಂಗಾರಪೇಟೆ ಸ್ಟೇಷನ್ನಿನ ಜಟಕಾದವನಾದ ನಮ್ಮ ನೆರೆಮನೆಯಾತನಿಗೆ ಬಾಡಿಗೆ ಸಿಗುತ್ತಿರಲಿಲ್ಲ. ಗಾಡಿ, ಕುದುರೆ ಕೊಟ್ಟು, ಉಳಿದದ್ದನ್ನು ಕಂತಿನಲ್ಲಿ ಕಟ್ಟಿ ಹಳೆಯ ಮೋಟಾರು ಕೊಳ್ಳಲು ಆಂಡರ್ಸನ್‌ಪೇಟೆಗೆ ಹೊರಟ. ಅದೇ ಜಟಕಾದಲ್ಲಿ ನಾನೂ ಹೋದೆ.

ದನದ ಸಂತೆಯ ರೂಢಿಯಂತೆ ಆತ ಮೋಟಾರು ವ್ಯಾಪಾರಿಯ ಕೈ ಹಿಡಿದು ಮೇಲೆ ಟವಲು ಹೊದಿಸಿದ. ಸುತ್ತಲಿನವರಿಗೆ ಗೊತ್ತಾಗದಂತೆ ಬೆರಳು ಒತ್ತಿಯೇ ಬೆಲೆ ತಿಳಿಸಬೇಕು.

"ಬಾಯಿ ಬ್ಯಾಡ ಸಾಮಿ, ಬೆರಳು ಮಾತಾಡ್ಲಿ." ಯಾವ ವ್ಯಾಪಾರಕ್ಕೂ ಅವನದು ಇದೇ ಮಾತು.

ಮೋಟಾರಿನ ಬೆಲೆ ಇಳಿಯಿತು, ಕಂತೂ ಒಪ್ಪಿಗೆಯಾಯಿತು. ಕುದುರೆಯ ಸರದಿ ಬಂದಾಗ ವ್ಯಾಪಾರಿ ಗಟ್ಟಿಯಾಗಿ ನಕ್ಕ.

"ಈ ಮುದಿ ಕುದುರೆಗೆ ಐದು ರೂಪಾಯೂ ಜಾಸ್ತಿ ಕಣಯ್ಯಾ!"

ನೆರೆಮನೆಯಾತ ಕೈ ಎಳೆದುಕೊಂಡ.

"ಅದ್ರ ಎದುರ್ಗೇ ಅಂದ್ಬುಟ್ರಲ್ಲಾ ಸಾಮಿ."

ಮೋಟಾರಿನತ್ತ ತಿರುಗಿಯೂ ನೋಡದೆ, ಟವಲನ್ನು ಕುದುರೆಯ ಕಿವಿಗಳ ಮೇಲೆ ಹೊದಿಸಿ ಜಟಕಾ ಹತ್ತಿದ.